ನಿಜವಾದ ತಾರೀಕು ಬರೆದವಳ ಪರವಾಗಿ

ಪ್ರೌಢಶಾಲಾ ಪರೀಕ್ಷಾ ಮಂಡಳಿಯ ಕಾರ್ಯದರ್ಶಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಸುಳ್ಳು ತಾರೀಕು ಬರೆಯಲಿಲ್ಲ ಎಂಬ ಒಂದೇ ಕಾರಣಕ್ಕೆ ನಿಮ್ಮ ಮಂಡಳಿ ನನ್ನ ತಂಗಿಗೆ ಪ್ರೌಢಶಾಲೆಯ ಪ್ರಮಾಣಪತ್ರ ಕೊಡದೆ ತಡೆಹಿಡಿದಿದೆ. ಬೇರೆ ಯಾವ ಕಾರಣವೂ ಇಲ್ಲ. ಗಣಿತದಲ್ಲಿ ಅವಳು ಪಾಸು, ಭಾಷೆಗಳಲ್ಲಿ ಪಾಸು, ವಿಜ್ಞಾನದ ಲಿಖಿತ ಪರೀಕ್ಷೆಯಲ್ಲಿ ತರಗತಿಗೇ ಎರಡನೆಯವಳು. ಅದೇ ತರಗತಿಯಲ್ಲಿ ಹಳೆಯ ತಾರೀಕು ಹಾಕಿ ಕೊಟ್ಟ ಇಪ್ಪತ್ತು ಮಕ್ಕಳು ಪಾಸಾಗಿದ್ದಾರೆ. ಅವರು ಪಾಸಾದದ್ದು ಸರಿಯಾಗಿಯೇ ಇದೆ ಎಂದು ಮುಂದೆ ಇದೇ ಪತ್ರದಲ್ಲಿ ವಾದಿಸಲಿದ್ದೇನೆ. ಆದ್ದರಿಂದ ದಯವಿಟ್ಟು ಈಗಲೇ ಕೆಂಪು ಪೆನ್ನು ಕೈಗೆತ್ತಿಕೊಳ್ಳಬೇಡಿ.

ನಾನು ಯಾರೆಂದು ನಿಮ್ಮ ಕಚೇರಿಯ ನಾಲ್ಕನೇ ಕಿಟಕಿಯಲ್ಲಿ ಮೂರು ಸಲ ಕೇಳಿದ್ದಾರೆ. ಮೂರು ಸಲವೂ ಒಂದೇ ಉತ್ತರ ಕೊಟ್ಟಿದ್ದೇನೆ. ನಾನು ಮುದ್ರಣಾಲಯವೊಂದರಲ್ಲಿ ಹಾಳೆ ಮಡಚುವವಳು. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟೆ, ಈಗ ಇಪ್ಪತ್ಮೂರು ವರ್ಷ. ಯಂತ್ರದಿಂದ ಬಂದ ದೊಡ್ಡ ಹಾಳೆಯನ್ನು ಮೂಳೆಯ ಪಟ್ಟಿಯಿಂದ ಉಜ್ಜಿ ಮಡಚಿ ಪಕ್ಕದ ಮೇಜಿಗೆ ದೂಡುವುದು ನನ್ನ ಕೆಲಸ. ಕೈ ಮಡಚುತ್ತಿರುವಾಗ ಕಣ್ಣು ಸುಮ್ಮನಿರುವುದಿಲ್ಲ, ಓದುತ್ತದೆ. ಕಾರ್ಮಿಕ ಸಂಘದ ಕರಪತ್ರ, ಆರೋಗ್ಯ ಇಲಾಖೆಯ ತಿಳುವಳಿಕೆ ಪತ್ರ, ಗ್ರಾಹಕರ ಹಕ್ಕುಗಳು, ಬಾಡಿಗೆದಾರರ ಹಕ್ಕುಗಳು, ಹಲ್ಲು ಉಜ್ಜುವ ಕ್ರಮ. ಜಗತ್ತಿನಲ್ಲಿ ಮನುಷ್ಯರಿಗೆ ಇಷ್ಟೊಂದು ಹಕ್ಕುಗಳಿವೆ ಎಂದು ನನಗೆ ಗೊತ್ತಾದದ್ದೇ ಆ ಮೇಜಿನ ಮುಂದೆ. ನಮ್ಮಮ್ಮ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಅವಳು ನನ್ನನ್ನು ಕರೆಯುವುದು ‘ಕರಪತ್ರ’ ಎಂದು. ಯಾರ ಮನೆಯಲ್ಲಾದರೂ ಜಗಳವಾದರೆ, ನಮ್ಮ ಕರಪತ್ರವನ್ನು ಕಳಿಸಲೇ, ನಿಯಮ ಹೇಳಿಬರುತ್ತಾಳೆ, ಎಂದು ನಗುತ್ತಿದ್ದಳು. ಈಗ ನಗುವುದಿಲ್ಲ.

ನನ್ನ ತಂಗಿಗೆ ಅವಳ ತರಗತಿಯವರು ಇಟ್ಟ ಹೆಸರು ‘ಹನಿ’. ಆ ಹೆಸರು ಹೇಗೆ ಬಂತೆಂದು ಹೇಳಬೇಕಾದರೆ ಅವಳ ಶಾಲೆಯ ಪ್ರಯೋಗಾಲಯದೊಳಕ್ಕೆ ನಿಮ್ಮನ್ನು ಕರೆದುಕೊಂಡು ಹೋಗಬೇಕು. ನಿಮಗೆ ಹೊಸ ಜಾಗ, ನೋಡಿಕೊಂಡು ಕಾಲಿಡಿ, ಹೊಸ್ತಿಲ ಬಳಿ ಒಂದು ಟೈಲು ಎದ್ದಿದೆ. ಮೆಟ್ಟಿಲ ಕೆಳಗಿನ ಉದ್ದನೆಯ ಕೋಣೆ. ಆರು ಮೇಜು. ನಾಲ್ಕು ಬರ್ನರ್, ಅದರಲ್ಲಿ ಎರಡಕ್ಕೆ ಗ್ಯಾಸ್ ಬರುತ್ತದೆ. ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ, ಅದನ್ನು ಮುಟ್ಟುವ ಮುಂಚೆ ಉಸಿರು ಹಿಡಿಯಬೇಕೆಂಬ ನಿಯಮ. ಮಕ್ಕಳು ನಲವತ್ತೆರಡು. ವಿಜ್ಞಾನದ ಮೇಡಂ ಹದಿನೆಂಟು ವರ್ಷಗಳ ಹಿಂದೆ ಈ ಶಾಲೆಗೆ ಬಂದಾಗ ಒಂದು ಪದ್ಧತಿ ಮಾಡಿದರು. ಇಬ್ಬಿಬ್ಬರ ಜೋಡಿ. ಒಬ್ಬರು ಕೈ, ಒಬ್ಬರು ಲೇಖನಿ. ಕೈ ಆದವರು ಪ್ರಯೋಗ ಮಾಡುತ್ತಾರೆ, ಲೇಖನಿ ಆದವರು ನೋಡಿ ಬರೆಯುತ್ತಾರೆ. ಜೋಡಿಗೆ ಒಂದೇ ದಾಖಲೆ ಪುಸ್ತಕ. ಇರುವ ಜಾಗದಲ್ಲಿ, ಇರುವ ಗ್ಯಾಸಿನಲ್ಲಿ, ಒಂದು ಗಂಟೆಯ ಅವಧಿಯಲ್ಲಿ ಎಲ್ಲರೂ ಎಲ್ಲವನ್ನೂ ಮಾಡಲಾಗದು ಎಂದು ಅವರಿಗೆ ಗೊತ್ತಿತ್ತು. ನಿಮ್ಮ ಮಂಡಳಿಗೂ ಗೊತ್ತಿತ್ತು, ಹದಿನೇಳು ವರ್ಷ ಆ ಜೋಡಿ ಪುಸ್ತಕಗಳಿಗೆ ನೀವೇ ಮೊಹರು ಹಾಕಿದ್ದೀರಿ. ಆಗ ಅದು ಸಹಕಾರ ಮನೋಭಾವ. ನಿಮ್ಮ ಹಳೆಯ ತಪಾಸಣಾ ವರದಿಯೊಂದರಲ್ಲಿ ಅದೇ ಮಾತಿದೆ, ಮೇಡಂ ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ನನ್ನ ತಂಗಿ ಮೂರು ವರ್ಷ ಕೈ ಆಗಿದ್ದಳು. ಅವಳ ಲೇಖನಿ ಪಕ್ಕದ ಬೀದಿಯ ಹುಡುಗಿ. ಅಕ್ಷರ ಅಚ್ಚು ಹಾಕಿದ ಹಾಗಿರುವುದರಿಂದ ಅವಳ ಹೆಸರು ‘ಅಚ್ಚು’. ಆಮ್ಲಕ್ಕೆ ಕ್ಷಾರ ಸೇರಿಸುವ ಪ್ರಯೋಗವೊಂದಿದೆ. ಉದ್ದನೆಯ ಗಾಜಿನ ಕೊಳವೆಯಿಂದ, ಅಂದರೆ ಬ್ಯುರೆಟ್ಟಿನಿಂದ, ಹನಿ ಹನಿಯಾಗಿ ಬಿಡುತ್ತಾ ಹೋಗಬೇಕು. ಯಾವುದೋ ಒಂದು ಹನಿಗೆ ಕೆಳಗಿನ ನೀರಿನಂಥ ದ್ರವ ತಿಳಿ ಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಇನ್ನೊಂದು ಹನಿ ಬಿದ್ದರೆ ಕಡುಗುಲಾಬಿ, ಪ್ರಯೋಗ ಕೆಟ್ಟಂತೆ. ಎಲ್ಲರದೂ ಒಂದಲ್ಲ ಒಂದು ಸಲ ಕೆಟ್ಟಿದೆ. ಇವಳದು ಒಮ್ಮೆಯೂ ಕೆಡಲಿಲ್ಲ. ಬಣ್ಣ ಬರುವ ಹನಿಗಿಂತ ಹಿಂದಿನ ಹನಿ ಇವಳಿಗೆ ಗೊತ್ತಾಗುತ್ತದೆ ಎಂದು ಮೇಡಂ ಎಲ್ಲರ ಮುಂದೆ ಹೇಳಿದರಂತೆ. ಅವತ್ತಿನಿಂದ ಹನಿ. ಮನೆಯಲ್ಲೂ ಅದೇ ಆಯಿತು. ಗಂಜಿಗೆ ಉಪ್ಪು ಹಾಕುವಾಗಲೂ ಅಮ್ಮ, ಹನೀನ ಕರಿ, ಅಳತೆ ಅವಳ ಕೈಲಿದೆ, ಅನ್ನುತ್ತಿದ್ದಳು.

ಈ ಹುಡುಗಿಗೆ ಒಂದೇ ಒಂದು ಆಸೆ. ಅಮ್ಮ ಕೆಲಸ ಮಾಡುವ ಆಸ್ಪತ್ರೆಯಲ್ಲಿ ಲಾಂಡ್ರಿ ನೆಲಮಾಳಿಗೆಯಲ್ಲಿದೆ, ರಕ್ತ ಪರೀಕ್ಷೆಯ ಲ್ಯಾಬು ಎರಡನೇ ಮಹಡಿಯಲ್ಲಿದೆ. ಸಣ್ಣವಳಿದ್ದಾಗ ಅಮ್ಮನಿಗೆ ಡಬ್ಬಿ ಕೊಡಲು ಹೋದವಳು ದಾರಿ ತಪ್ಪಿ ಮೇಲೆ ಹೋಗಿದ್ದಳು. ಗಾಜಿನ ಆಚೆ ಬಿಳಿ ಕೋಟಿನ ಹೆಂಗಸೊಬ್ಬಳು ಕೊಳವೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳಂತೆ. ಅಲ್ಲಿಂದ ಬಂದವಳು ನಾನೂ ಹಾಗೆ ನೋಡೋ ಕೆಲಸಾನೇ ಮಾಡೋದು ಅಂದಳು. ಹತ್ತು ವರ್ಷ ಆ ಮಾತು ಬದಲಾಗಲಿಲ್ಲ. ಲ್ಯಾಬ್ ತಂತ್ರಜ್ಞರ ತರಬೇತಿ ಶಾಲೆಯಲ್ಲಿ ಅವಳಿಗೆ ಸೀಟು ಸಿಕ್ಕಿದೆ. ಪ್ರವೇಶ ಪರೀಕ್ಷೆಯಲ್ಲಿ ಗೆದ್ದು ಪಡೆದದ್ದು. ಪ್ರೌಢಶಾಲೆಯ ಪ್ರಮಾಣಪತ್ರ ಕೊಟ್ಟರೆ ಸೇರಿಸಿಕೊಳ್ಳುತ್ತಾರೆ. ಬರುವ ತಿಂಗಳ ಹದಿನೇಳರವರೆಗೆ ಕಾಯುತ್ತಾರೆ, ಆಮೇಲೆ ಸೀಟು ಮುಂದಿನವರಿಗೆ.

ಇನ್ನು ನಿಮ್ಮ ಸುತ್ತೋಲೆಯ ವಿಷಯ.

ಮಕ್ಕಳು ಕೊನೆಯ ವರ್ಷದ ಏಳನೇ ತಿಂಗಳಲ್ಲಿದ್ದಾಗ, ಪ್ರೌಢಶಾಲೆ ಮುಗಿಸುವ ಅರ್ಹತೆಯನ್ನು ನೀವು ಬದಲಿಸಿದಿರಿ. ಪ್ರತಿ ವಿದ್ಯಾರ್ಥಿಯೂ ಮೂರು ವರ್ಷಗಳ ಅರವತ್ತು ಪ್ರಯೋಗಗಳ ದಾಖಲೆಯನ್ನು ಸ್ವಂತ ಕೈಬರಹದಲ್ಲಿ, ಪ್ರತ್ಯೇಕವಾಗಿ ಸಲ್ಲಿಸಬೇಕು. ಇಲ್ಲದಿದ್ದರೆ ಎಷ್ಟೇ ಅಂಕ ಬಂದಿದ್ದರೂ ಪ್ರಮಾಣಪತ್ರವಿಲ್ಲ. ಹಿಂದಿನ ವರ್ಷದವರಿಗೆ ಇದು ಅನ್ವಯಿಸದು, ಹನಿಯ ತರಗತಿಯವರಿಗೆ ‘ಕೂಡಲೇ’ ಅನ್ವಯ. ಸುತ್ತೋಲೆ ಶಾಲೆಗೆ ತಲುಪಿದ ದಿನದಿಂದ ಸಲ್ಲಿಕೆಗೆ ಇದ್ದದ್ದು ಇಪ್ಪತ್ತೆರಡು ದಿನ. ಮೂರು ವರ್ಷದ ಆಟ ಮುಗಿಯುವ ಹೊತ್ತಿಗೆ ಗೆಲ್ಲುವ ನಿಯಮ ಬದಲಿಸುವ ತೀರ್ಪುಗಾರನನ್ನು ಮೈದಾನದಲ್ಲಿ ಏನೆಂದು ಕರೆಯುತ್ತಾರೋ ನಾನು ಬರೆಯುವುದಿಲ್ಲ. ನನ್ನ ಶಾಲೆ ಒಂಬತ್ತಕ್ಕೇ ನಿಂತರೂ ಸಂಕೋಚ ನಿಂತಿಲ್ಲ.

ಲೇಖನಿಗಳಾದ ಇಪ್ಪತ್ತೊಂದು ಮಕ್ಕಳ ಹತ್ತಿರ ಪುಸ್ತಕವಿತ್ತು. ಕೈಗಳಾದ ಇಪ್ಪತ್ತೊಂದು ಮಕ್ಕಳ ಹತ್ತಿರ ಕೈ ಮಾತ್ರ ಇತ್ತು. ಮೂರು ವರ್ಷ ಪ್ರಯೋಗ ಮಾಡಿದ ಇವರು ನಿಮ್ಮ ಲೆಕ್ಕದಲ್ಲಿ ಒಂದು ದಿನದಲ್ಲಿ ಏನನ್ನೂ ಮಾಡದವರಾದರು. ಮೂರನೇ ದಿನ ಮೇಡಂ ಇಪ್ಪತ್ತೊಂದು ಹೊಸ ಪುಸ್ತಕ ತಂದು ಮೇಜಿನ ಮೇಲಿಟ್ಟು, ನಿಮ್ಮ ನಿಮ್ಮ ಲೇಖನಿಯ ಹತ್ತಿರ ಪುಸ್ತಕ ತಗೊಳ್ಳಿ, ನೀವೇ ಮಾಡಿದ ಪ್ರಯೋಗ, ನೀವೇ ಓದಿ ಹೇಳಿದ ಅಳತೆ, ನೋಡಿ ಬರೆಯಿರಿ, ಎಂದರು. ತಾರೀಕು? ಪ್ರಯೋಗ ಮಾಡಿದ ತಾರೀಕು ಹಾಕಿ, ನಾನೂ ಅದೇ ತಾರೀಕಿಗೆ ಸಹಿ ಮಾಡುತ್ತೇನೆ, ಎಂದರಂತೆ. ಸಹಿ ಮಾಡಲು ಮೂರು ಬಣ್ಣದ ಮಸಿ ಇಟ್ಟುಕೊಂಡಿದ್ದರಂತೆ, ಒಂದೊಂದು ವರ್ಷಕ್ಕೆ ಒಂದೊಂದು.

ಇಲ್ಲಿ ನಾನು ಪ್ರವೇಶ ಮಾಡುತ್ತೇನೆ. ನಾನು ಮಾಡಿದ ತಪ್ಪನ್ನು ನಿಮಗಿಂತ ಮೊದಲು ನಾನೇ ಹೇಳಿಬಿಡುತ್ತೇನೆ.

ನಿಮ್ಮ ಸುತ್ತೋಲೆಯನ್ನು ಇಪ್ಪತ್ನಾಲ್ಕು ಪುಟದ ಕಿರುಹೊತ್ತಿಗೆಯಾಗಿ ಮುದ್ರಿಸಿದ್ದು ನಮ್ಮ ಮುದ್ರಣಾಲಯದಲ್ಲಿ. ಮಡಚಿದ್ದು ನಾನು. ಮೂರನೇ ಪುಟದಲ್ಲಿ ನಿಮ್ಮ ಮುನ್ನುಡಿಯಿದೆ: ‘ವಿದ್ಯಾರ್ಥಿಗಳಲ್ಲಿ ಪ್ರಾಮಾಣಿಕತೆಯನ್ನು ಬೆಳೆಸುವುದೇ ಈ ಬದಲಾವಣೆಯ ಉದ್ದೇಶ.’ ಐದನೇ ಪುಟದಲ್ಲಿ ನಿಯಮವಿದೆ: ‘ದಾಖಲೆಯ ಪ್ರತಿ ಪುಟದ ಮೇಲೆ ಆ ಪುಟವನ್ನು ಬರೆದ ದಿನಾಂಕವನ್ನೇ ನಮೂದಿಸತಕ್ಕದ್ದು.’ ಆ ಸಾಲುಗಳನ್ನು ಎರಡು ಸಾವಿರ ಸಲ ನನ್ನ ಕೈಯಲ್ಲಿ ಹಾಯಿಸಿದ್ದೇನೆ. ನನಗೆ ಹಿಡಿಸಿದವು. ಯಾರೋ ಒಬ್ಬ ಅಧಿಕಾರಿ ಪ್ರಾಮಾಣಿಕತೆ ಎಂಬ ಪದವನ್ನು ಮಕ್ಕಳಿಗಾಗಿ ಬರೆದಿದ್ದಾನಲ್ಲ ಎಂದು, ನಗಬೇಡಿ, ಎದೆ ತುಂಬಿ ಬಂತು. ಹನಿ ಹೊಸ ಪುಸ್ತಕ ಹಿಡಿದು ನಮ್ಮ ಮುದ್ರಣಾಲಯಕ್ಕೆ ಬಂದು, ಅಕ್ಕಾ, ತಾರೀಕು ಯಾವುದು ಹಾಕ್ಲಿ, ಎಲ್ರೂ ಹಳೇದು ಹಾಕ್ತಿದ್ದಾರೆ, ಎಂದು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಎರಡನ್ನೂ ಹಾಕು ಅಂದೆ. ಪ್ರಯೋಗ ಮಾಡಿದ ದಿನ ಇದು, ಬರೆದ ದಿನ ಇದು. ಇದೇ ನಿಯಮ, ನಾನೇ ಮಡಚಿದ್ದೇನೆ.

ಅವಳು ಹದಿನೆಂಟು ದಿನ ಶಾಲೆ ಬಿಟ್ಟ ಮೇಲೆ ನನ್ನ ಮೇಜಿನ ತುದಿಯಲ್ಲಿ ಕುಳಿತು ಬರೆದಳು. ದಿನಕ್ಕೆ ಮೂರು ಪ್ರಯೋಗ, ಕೆಲವು ದಿನ ನಾಲ್ಕು. ಅವಳ ಅಕ್ಷರ ಚೆಂದವಿಲ್ಲ, ಅದಕ್ಕೇ ಅಲ್ಲವೇ ಅವಳು ಕೈ ಆದದ್ದು. ಮಧ್ಯೆ ಮಧ್ಯೆ ಪೆನ್ನು ನಿಲ್ಲಿಸಿ, ಅಚ್ಚು ಇಲ್ಲಿ ತಪ್ಪು ಬರೆದಿದಾಳೆ, ಅವತ್ತು ನೀರು ಕುದಿಯೋಕೆ ಹನ್ನೊಂದು ನಿಮಿಷ ಹಿಡೀತು, ಒಂಬತ್ತಲ್ಲ, ಎಂದು ತಿದ್ದುತ್ತಿದ್ದಳು. ನಮ್ಮ ಮಾಲೀಕರು ಹಾದುಹೋಗುವಾಗ, ನಮ್ಮಲ್ಲೀಗ ಎರಡು ಯಂತ್ರ, ಒಂದು ಕರೆಂಟಿಂದ ಓಡೋದು, ಒಂದು ಅಕ್ಕನ ಮಾತಿಂದ ಓಡೋದು, ಎಂದು ತಮಾಷೆ ಮಾಡಿದರು. ಎಲ್ಲರೂ ನಕ್ಕೆವು. ಹನಿಯೂ ನಕ್ಕಳು.

ಸಹಿಗೆ ಹೋದಾಗ ಮೇಡಂ ಪುಸ್ತಕ ನೋಡಿದವರೇ ಮುಚ್ಚಿಟ್ಟರು. ಅಮ್ಮನನ್ನು ಕರೆಸಿದರು. ಅಮ್ಮ ನನ್ನನ್ನು ಕಳಿಸಿದಳು. ಪ್ರಯೋಗಾಲಯದಲ್ಲಿ ನಾನು ಆ ಹೆಂಗಸಿಗೆ, ನನಗಿಂತ ಮೂವತ್ತೈದು ವರ್ಷ ದೊಡ್ಡವರಿಗೆ, ಪ್ರಾಮಾಣಿಕತೆಯ ಮೇಲೆ ಉಪನ್ಯಾಸ ಕೊಟ್ಟೆ. ಮೂರು ಬಣ್ಣದ ಮಸಿಯ ಬಗ್ಗೆಯೂ ಒಂದು ಮಾತು ಆಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ನಾಚಿಕೆಯಾಗುತ್ತದೆ. ಅವರು ಸಿಟ್ಟಾಗಲಿಲ್ಲ. ಸುತ್ತೋಲೆ ಪೂರ್ತಿ ಓದಿದ್ದೀಯಾ ಎಂದು ಮಾತ್ರ ಕೇಳಿದರು.

“ನಾನೇ ಮಡಚಿದ್ದು ಮೇಡಂ” ಅಂದೆ.

“ನೀನು ಓದಿರೋದು ಪುಸ್ತಕ ಕಣಮ್ಮ. ನಾನು ಓದಿರೋದು ಕಚೇರೀನ.”

ಆಮೇಲೆ ನನ್ನನ್ನು ಬೈಯಬೇಡ ಎಂದು ಹೇಳಿ, ಅರವತ್ತು ಕಡೆಯೂ ಅವತ್ತಿನ ತಾರೀಕಿಗೇ ಸಹಿ ಮಾಡಿಕೊಟ್ಟರು.

ನಿಮ್ಮ ತಪಾಸಕರು ಬಂದರು. ನಲವತ್ತೆರಡು ಪುಸ್ತಕ ನೋಡಿದರು, ನಲವತ್ತೊಂದನ್ನು ಒಪ್ಪಿದರು. ನನ್ನ ತಂಗಿಯ ಪುಸ್ತಕದ ಮೇಲೆ ಒಂದು ಚೀಟಿ ಅಂಟಿಸಿದರು: ‘ದಾಖಲೆಯನ್ನು ಕೊನೆಯ ಅವಧಿಯಲ್ಲಿ ಒಟ್ಟಾಗಿ ಬರೆಯಲಾಗಿದೆ. ಪುಟ ಹನ್ನೊಂದರ ನಿಯಮದ ಉಲ್ಲಂಘನೆ. ಪ್ರಯೋಗ ನಡೆಸಿದ್ದಕ್ಕೆ ಪುರಾವೆ ಇಲ್ಲ. ತಿರಸ್ಕೃತ.’

ಪುಟ ಹನ್ನೊಂದು. ಕಾರ್ಯದರ್ಶಿಗಳೇ, ಹಾಳೆ ಮಡಚುವ ಕೆಲಸ ನಿಮಗೆ ಗೊತ್ತಿರಲಿಕ್ಕಿಲ್ಲ, ಹೇಳುತ್ತೇನೆ. ಇಪ್ಪತ್ನಾಲ್ಕು ಪುಟದ ಹೊತ್ತಿಗೆ ಎಂದರೆ ಆರು ಹಾಳೆ, ಒಂದರೊಳಗೊಂದು. ಒಂದೊಂದು ಹಾಳೆಯಲ್ಲಿ ನಾಲ್ಕು ಪುಟ, ಅವು ಅನುಕ್ರಮವಾಗಿ ಇರುವುದಿಲ್ಲ. ನನ್ನ ಮೇಜಿಗೆ ಬಂದದ್ದು ಎರಡು ಹಾಳೆ. ಒಂದರಲ್ಲಿ ಮೂರು, ನಾಲ್ಕು, ಇಪ್ಪತ್ತೊಂದು, ಇಪ್ಪತ್ತೆರಡು. ಇನ್ನೊಂದರಲ್ಲಿ ಐದು, ಆರು, ಹತ್ತೊಂಬತ್ತು, ಇಪ್ಪತ್ತು. ಹನ್ನೊಂದನೇ ಪುಟ ಎಲ್ಲಕ್ಕಿಂತ ಒಳಗಿನ ಹಾಳೆಯಲ್ಲಿದೆ. ಅದನ್ನು ಮಡಚಿದ್ದು ಎದುರು ಮೇಜಿನ ಹೆಂಗಸು. ಆಕೆ ಕೆಲಸ ಮಾಡುವಾಗ ಓದುವುದಿಲ್ಲ, ಹಾಡು ಗುನುಗುತ್ತಾಳೆ. ಚೀಟಿ ಬಂದ ದಿನ ನಾನು ಗೋದಾಮಿಗೆ ಹೋಗಿ ಉಳಿದ ಪ್ರತಿಯೊಂದನ್ನು ತೆಗೆದು, ಮೊದಲ ಸಲ, ಒಂದನೇ ಪುಟದಿಂದ ಇಪ್ಪತ್ನಾಲ್ಕರವರೆಗೆ ಓದಿದೆ. ಹನ್ನೊಂದರಲ್ಲಿತ್ತು: ‘ಪ್ರಯೋಗ ನಡೆದ ಏಳು ದಿನಗಳೊಳಗೆ ದಾಖಲೆ ಬರೆದಿರತಕ್ಕದ್ದು. ತಪ್ಪಿದಲ್ಲಿ ಅಂಥ ದಾಖಲೆಯನ್ನು ಪರಿಗಣಿಸಲಾಗದು.’

ಗೋದಾಮಿನ ನೆಲದ ಮೇಲೇ ಕುಳಿತೆ. ನಾನು ಎಂಟು ವರ್ಷದಲ್ಲಿ ಓದಿದ್ದೆಲ್ಲವೂ ಹೀಗೇ ಅಲ್ಲವೇ ಎನಿಸಿತು. ಎಷ್ಟು ಕರಪತ್ರ, ಎಷ್ಟು ಹಕ್ಕು, ಎಷ್ಟು ನಿಯಮ, ಎಲ್ಲದರಲ್ಲೂ ನನ್ನ ಮೇಜಿಗೆ ಬಂದ ಹಾಳೆಯಷ್ಟೇ. ಆ ಅರ್ಧ ಓದಿನ ಮೇಲೆ ನಿಂತು ನಾನು ಒಂದು ಹುಡುಗಿಯ ಮೂರು ವರ್ಷವನ್ನು ಪಣಕ್ಕಿಟ್ಟೆ. ಇದು ನನ್ನ ತಪ್ಪು. ಒಪ್ಪಿಕೊಂಡಿದ್ದೇನೆ. ಈಗ ನಿಮ್ಮದರ ಬಗ್ಗೆ ಮಾತಾಡೋಣ.

ಐದನೇ ಪುಟ ಪಾಲಿಸಿದರೆ ಹನ್ನೊಂದನೇ ಪುಟ ಮುರಿಯುತ್ತದೆ. ಹನ್ನೊಂದನ್ನು ಪಾಲಿಸಬೇಕಾದರೆ ಐದನ್ನು ಮುರಿಯಬೇಕು. ಎರಡು ವರ್ಷದ ಹಿಂದೆ ಮಾಡಿದ ಪ್ರಯೋಗವನ್ನು, ನಿನ್ನೆ ಬಂದ ಸುತ್ತೋಲೆಗಾಗಿ, ಏಳು ದಿನದೊಳಗೆ ಬರೆದಿರಬೇಕು ಎಂದರೆ ಮಗು ಯಾವ ದಾರಿಯಲ್ಲಿ ಹೋಗಬೇಕು? ನೀವು ಉತ್ತರ ಹೇಳುವ ತನಕ ನಾನೇ ಹೇಳುತ್ತೇನೆ: ಸುಳ್ಳಿನ ದಾರಿಯಲ್ಲಿ. ಬೇರೆ ದಾರಿಯನ್ನು ನೀವು ಬಿಟ್ಟಿಲ್ಲ. ಪ್ರಾಮಾಣಿಕತೆ ಬೆಳೆಸಲು ಹೊರಟ ನಿಮ್ಮ ಜರಡಿ ಎಷ್ಟು ಸೂಕ್ಷ್ಮವಾಗಿದೆಯೆಂದರೆ, ಇಡೀ ಶಾಲೆಯನ್ನು ಅದರಲ್ಲಿ ಜಾಲಿಸಿದರೆ ಹೊರಗೆ ಬಿದ್ದದ್ದು ನಿಜ ಹೇಳಿದವಳು ಒಬ್ಬಳೇ. ಇಂಥ ಜರಡಿ ಮಾಡಿದವರಿಗೆ ಬಡ್ತಿ ಸಿಗಬೇಕು. ಬಹುಶಃ ಸಿಕ್ಕಿಯೂ ಇರಬೇಕು.

ಆ ಇಪ್ಪತ್ತು ಮಕ್ಕಳು ಸುಳ್ಳರಲ್ಲ. ಅವರು ಪ್ರಯೋಗ ಮಾಡಿದ್ದು ನಿಜ, ಅಳತೆ ನಿಜ, ಬೆರಳ ಮೇಲಿನ ಆಮ್ಲದ ಕಲೆ ನಿಜ. ಸುಳ್ಳಾದದ್ದು ತಾರೀಕು, ಆ ಸುಳ್ಳನ್ನು ಕೇಳಿ ಪಡೆದದ್ದು ನೀವು. ಈ ಪತ್ರ ಓದಿ ಅವರ ಪ್ರಮಾಣಪತ್ರ ವಾಪಸು ಕೇಳುವ ಯೋಚನೆ ಬಂದರೆ, ಅವರಲ್ಲಿ ಯಾರನ್ನಾದರೂ ಕರೆದು ಕೈಗೆ ಬ್ಯುರೆಟ್ ಕೊಟ್ಟು ನೋಡಿ. ಪತ್ರ ಪ್ರಕಟಿಸುವ ಮೊದಲು ಮೇಡಂ ಬಳಿ ಹೋಗಿ ಅನುಮತಿ ಕೇಳಿದೆ. ನನ್ನ ಉಪನ್ಯಾಸಕ್ಕೆ ಕ್ಷಮೆಯನ್ನೂ ಕೇಳಿದೆ. ಅವರು ತಕ್ಕಡಿಯ ಗಾಜು ಒರೆಸುತ್ತಿದ್ದರು. ಸಹಿ ನನ್ನದು, ಉತ್ತರ ನಾನು ಕೊಡ್ತೀನಿ, ಮಕ್ಕಳನ್ನ ಮಾತ್ರ ನಡುವೆ ಎಳೀಬೇಡ, ಎಂದರು. ಈ ಶಾಲಾ ವರ್ಷ ಮುಗಿದರೆ ಅವರ ಸೇವೆಯೂ ಮುಗಿಯುತ್ತದೆ.

ಅವರ ಪ್ರಯೋಗಾಲಯದಲ್ಲಿ ಈಗ ಏನು ನಡೆಯುತ್ತಿದೆ ಎಂದು ನೀವು ನೋಡಬೇಕಿತ್ತು. ಈ ವರ್ಷದ ಮಕ್ಕಳು ಪ್ರಯೋಗದ ಅವಧಿಯಲ್ಲಿ ಪ್ರಯೋಗ ಮಾಡುವುದಿಲ್ಲ. ಬರೆಯುತ್ತಾರೆ. ಪ್ರತಿಯೊಬ್ಬರ ಪುಸ್ತಕವೂ ಏಳು ದಿನದೊಳಗೆ ತುಂಬಬೇಕಲ್ಲ, ಒಂದು ಗಂಟೆಯಲ್ಲಿ ಎರಡೂ ಆಗುವುದಿಲ್ಲ, ನೀವು ಕೇಳುವುದು ಪುಸ್ತಕವನ್ನು ಮಾತ್ರ. ಆದ್ದರಿಂದ ಮೇಡಂ ಒಬ್ಬರೇ ಮುಂದೆ ನಿಂತು ಒಂದು ಸಲ ಮಾಡಿ ತೋರಿಸುತ್ತಾರೆ, ನಲವತ್ತು ತಲೆಗಳು ಬಗ್ಗಿ ನಕಲು ಮಾಡುತ್ತವೆ. ಬರ್ನರುಗಳನ್ನು ಕಪಾಟಿನಲ್ಲಿಟ್ಟಿದ್ದಾರೆ. ಇನ್ನೊಂದು ಶಾಲೆಯಲ್ಲಿ ವಿಜ್ಞಾನದ ಕೊನೆಯ ಪತ್ರಿಕೆಯನ್ನೇ ಕೈಬಿಟ್ಟು ಮಕ್ಕಳನ್ನು ಬೇರೆ ವಿಷಯಕ್ಕೆ ದಾಟಿಸಿದ್ದಾರಂತೆ, ಅಲ್ಲಿ ಪ್ರಯೋಗಾಲಯವೇ ಇಲ್ಲ. ಕಳೆದ ತಿಂಗಳು ನಮ್ಮ ಮುದ್ರಣಾಲಯಕ್ಕೆ ಹೊಸ ಕೆಲಸ ಬಂತು: ‘ಮಾದರಿ ದಾಖಲೆ, ಅರವತ್ತು ಪ್ರಯೋಗ, ಅಳತೆಗಳ ಸಮೇತ.’ ನೀರು ಎಷ್ಟು ನಿಮಿಷಕ್ಕೆ ಕುದಿಯುತ್ತದೆ ಎಂದು ಮೊದಲೇ ಅಚ್ಚಾಗಿದೆ. ಮಕ್ಕಳು ನೋಡಿಕೊಂಡು ಬರೆದರಾಯಿತು, ನೀರು ಕಾಯಿಸುವ ಗೋಜಿಲ್ಲ. ಆರೂ ಹಾಳೆಯನ್ನು ಓದಿಯೇ ಮಡಚಿದೆ. ತಪ್ಪುಗಳಿಲ್ಲ, ನಿಮ್ಮ ತಪಾಸಕರು ಸಂತೋಷಪಡುತ್ತಾರೆ.

ಮೂರನೇ ಸಲ ನಿಮ್ಮ ಕಚೇರಿಗೆ ಬಂದಾಗ ನಾಲ್ಕನೇ ಕಿಟಕಿಯ ಗುಮಾಸ್ತರು ಪುಸ್ತಕವನ್ನು ತಿರುವಿಹಾಕಿ ನನ್ನ ಮುಖ ನೋಡಿದರು. ಒಳ್ಳೆಯ ಮನುಷ್ಯ, ಅವರ ಮೇಲೆ ನನಗೆ ದೂರಿಲ್ಲ. ತಂಗಿ ಜಾಣೆ ಅಂತೀರಿ, ಇಷ್ಟು ತಿಳೀಲಿಲ್ವಾ, ಎಂದು ಮೆಲ್ಲಗೆ ಗದರಿದರು. ಆಮೇಲೆ ಅತ್ತಿತ್ತ ನೋಡಿ, ಇನ್ನೊಂದು ಪುಸ್ತಕ ಬರೆಸಿ, ಹಳೇ ತಾರೀಕು ಹಾಕಿಸಿ, ಮೇಡಂ ಸಹಿ ಮಾಡಿಸಿ, ‘ಮೊದಲ ಪ್ರತಿ ಕಳೆದಿತ್ತು, ಈಗ ಸಿಕ್ಕಿದೆ’ ಅಂತ ಒಂದು ಅರ್ಜಿ ಕೊಡಿ, ನಾನೇ ಒಳಗೆ ಕಳಿಸ್ತೀನಿ, ಎಂದರು.

ನಾನು ಏನು ಮಾಡಿದೆ ಗೊತ್ತೇ? ದಾರಿಯಲ್ಲೇ ಹೊಸ ಪುಸ್ತಕ ಕೊಂಡೆ. ಹಕ್ಕು, ನಿಯಮ, ಪ್ರಾಮಾಣಿಕತೆ, ಯಾವುದೂ ನೆನಪಾಗಲಿಲ್ಲ. ಮನೆಗೆ ಬಂದರೆ ಹನಿ ಆಗಷ್ಟೇ ಲಾಂಡ್ರಿಯಿಂದ ಬಂದಿದ್ದಳು. ಹೌದು, ಫಲಿತಾಂಶ ಬಂದ ವಾರದಿಂದ ಅವಳು ಅಮ್ಮನ ಜೊತೆ ನೆಲಮಾಳಿಗೆಯಲ್ಲಿ ಬೆಡ್‌ಶೀಟು ಮಡಚುತ್ತಿದ್ದಾಳೆ. ಮನೆಯಲ್ಲೀಗ ಮೂವರೂ ಮಡಚುವವರೇ. ಪುಸ್ತಕವನ್ನು ಅವಳ ಮುಂದಿಟ್ಟು ಗುಮಾಸ್ತರ ಮಾತು ಹೇಳಿದೆ. ಅಮ್ಮ ತಕ್ಷಣ ಪೆನ್ನು ಹುಡುಕಲು ಎದ್ದಳು. ಹನಿ ಪುಸ್ತಕ ಮುಟ್ಟಲಿಲ್ಲ. ಸೋಪಿನಿಂದ ಬೆಳ್ಳಗಾಗಿ ಸುಕ್ಕುಗಟ್ಟಿದ ಬೆರಳುಗಳನ್ನು ನೋಡಿಕೊಳ್ಳುತ್ತಾ ಕೇಳಿದಳು:

“ಅಕ್ಕಾ, ಅವತ್ತು ನೀನು ಹೇಳಿದ್ದು ತಪ್ಪಾ?”

ನಾನು ಹೊಸ ಪುಸ್ತಕದ ರಟ್ಟಿಗೆ ಅಂಟಿದ್ದ ಬೆಲೆಯ ಚೀಟಿಯನ್ನು ಉಗುರಿನಿಂದ ಕೀಳತೊಡಗಿದೆ.

“ತಪ್ಪು ಅಂದ್ರೆ ತಪ್ಪು ಅನ್ನು. ಈಗ್ಲೇ ಕೂತು ಬರೀತೀನಿ, ನಂಗೇನೂ ಬೇಜಾರಿಲ್ಲ. ಆದ್ರೆ ಸರಿ ಅಂತ ಬರೆಸಿ, ಈಗ ತಪ್ಪು ಅಂತ ಬಾಯಲ್ಲಿ ಹೇಳ್ದೇನೇ ಇದನ್ನೂ ಬರೆಸ್ಬೇಡ.”

ಕಾರ್ಯದರ್ಶಿಗಳೇ, ನನ್ನ ಬಾಯಿಂದ ಎರಡೂ ಬರಲಿಲ್ಲ. ಸರಿ ಎಂದರೆ ಅವಳ ಸೀಟು ಹೋಗುತ್ತದೆ. ತಪ್ಪು ಎಂದರೆ ನಿಜ ಬರೆಯುವುದು ತಪ್ಪು ಎಂದು ನನ್ನ ತಂಗಿಗೆ ನಾನೇ ಕಲಿಸಿದಂತಾಗುತ್ತದೆ, ಅದೂ ನಾಳೆ ಯಾರದೋ ರಕ್ತವನ್ನು ಬೆಳಕಿಗೆ ಹಿಡಿದು ಹೀಗಿದೆ ಎಂದು ಬರೆದುಕೊಡಬೇಕಾದ ಹುಡುಗಿಗೆ. ಅಮ್ಮ ಪೆನ್ನು ಹಿಡಿದು ಬಾಗಿಲಲ್ಲೇ ನಿಂತಿದ್ದಳು. ಹನಿ ಎದ್ದುಹೋಗಿ ಮುಖ ತೊಳೆದುಕೊಂಡಳು. ಅಂದಿನಿಂದ ನನ್ನ ಜೊತೆ ಮಾತಾಡುತ್ತಾಳೆ, ಊಟಕ್ಕೆ ಕರೆಯುತ್ತಾಳೆ, ನೀರು ಬಿಸಿಯಾಗಿದೆ ಎನ್ನುತ್ತಾಳೆ. ಏನನ್ನೂ ಕೇಳುವುದಿಲ್ಲ. ಹದಿನಾರು ವರ್ಷ ಎಲ್ಲವನ್ನೂ ನನ್ನನ್ನೇ ಕೇಳಿದವಳು.

ಅಚ್ಚುವಿನ ಕಥೆಯನ್ನೂ ಹೇಳಿಬಿಡುತ್ತೇನೆ. ಅವಳ ದಾಖಲೆ ಮೂರು ವರ್ಷವೂ ಆಯಾ ದಿನವೇ ಬರೆದದ್ದು, ನಿಮ್ಮ ಇಪ್ಪತ್ನಾಲ್ಕು ಪುಟವೂ ಅವಳಲ್ಲಿ ತಪ್ಪು ಹುಡುಕಲಾರದು. ಅವಳಿಗೂ ಅದೇ ತರಬೇತಿ ಶಾಲೆಯಲ್ಲಿ ಸೀಟಾಗಿದೆ, ಸೇರಿಯೂ ಆಗಿದೆ. ಮೊದಲ ವಾರವೇ ಅಳುತ್ತಾ ನಮ್ಮ ಮನೆಗೆ ಬಂದಳು. ಅಕ್ಕಾ, ನಂಗೆ ಬ್ಯುರೆಟ್ ಹಿಡಿಯೋಕೇ ಬರಲ್ಲ, ಮೂರು ವರ್ಷ ಬರೀ ನೋಡಿದೀನಿ, ಅಂದಳು. ಅವಳ ತಪ್ಪೇನಿದೆ? ನಮ್ಮ ಹನಿ ಏನು ಮಾಡಿದಳೆಂದರೆ, ಮೇಡಂ ಹತ್ತಿರ ಹೋಗಿ ಮೂತಿ ಒಡೆದು ಮೂಲೆಗೆ ಬಿದ್ದಿದ್ದ ಹಳೆಯ ಬ್ಯುರೆಟ್ಟೊಂದನ್ನು ಕೇಳಿ ತಂದಳು. ಕಿಟಕಿಯ ಸರಳಿಗೆ ಕಟ್ಟಿದಳು. ಬರೀ ನೀರು ತುಂಬಿದಳು. ಸಂಜೆ ಐದೂವರೆಗೆ ಲಾಂಡ್ರಿಯಿಂದ ಬಂದವಳು ಆರರವರೆಗೆ ಅಚ್ಚುವಿಗೆ ಕಲಿಸುತ್ತಾಳೆ. ಎಡಗೈ ಬ್ಯುರೆಟ್ಟಿನ ತಿರುಪಿನ ಮೇಲೆ, ಬಲಗೈ ಫ್ಲಾಸ್ಕಿನ ಕುತ್ತಿಗೆಗೆ, ಕಣ್ಣು ಕೊಳವೆಯ ಗೆರೆಗಲ್ಲ, ಕೆಳಗೆ. ಗಾಬರಿ ಬೀಳ್ಬೇಡ ಕಣೆ, ಹನಿ ಬೀಳೋ ಮುಂಚೆ ಒಂದು ಸಲ ದಪ್ಪ ಆಗುತ್ತೆ, ನೋಡು, ಈಗ ನಿಲ್ಸು, ಎನ್ನುತ್ತಾಳೆ. ದನಿಯಲ್ಲಿ ಒಂದು ಚೂರು ಕಹಿ ಇಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ನಾನು ಅಡುಗೆಮನೆಯಲ್ಲಿ ನಿಂತು ಕೇಳಿಸಿಕೊಳ್ಳುತ್ತೇನೆ, ಅಮ್ಮ ನಲ್ಲಿ ಜೋರಾಗಿ ತಿರುಗಿಸುತ್ತಾಳೆ.

ಪ್ರಯೋಗ ನಡೆಸಿದ್ದಕ್ಕೆ ಪುರಾವೆ ಇಲ್ಲ ಎಂದು ಚೀಟಿ ಅಂಟಿಸಿದಿರಲ್ಲ, ಪುರಾವೆ ಪ್ರತಿದಿನ ನಮ್ಮ ಕಿಟಕಿಯಲ್ಲಿ ನಡೆಯುತ್ತಿದೆ. ನಿಮಗೆ ಬೇಕಾದದ್ದು ಯಾವುದು? ಪ್ರಯೋಗ ಬಲ್ಲವಳೇ, ಪ್ರಯೋಗದ ತಾರೀಕು ಬಲ್ಲವಳೇ?

ನಾನು ಕೇಳುವುದು ದಯೆಯನ್ನಲ್ಲ. ಅವಳಿಗೊಂದು ವಿನಾಯಿತಿ ಬರೆದು ಕೈತೊಳೆದುಕೊಳ್ಳಿ ಎಂದೂ ಕೇಳುತ್ತಿಲ್ಲ. ಹೊಸ ನಿಯಮವನ್ನು ಹೊಸದಾಗಿ ಸೇರುವ ಮಕ್ಕಳಿಂದ ಶುರುಮಾಡಿ, ಅರ್ಧ ದಾರಿ ನಡೆದವರಿಗೆ ಹಳೆಯ ನಿಯಮವನ್ನೇ ಉಳಿಸಿ. ಎಲ್ಲೆಲ್ಲಿ ದಾಖಲೆಯ ಬಗ್ಗೆ ಅನುಮಾನವಿದೆಯೋ ಅಲ್ಲಿ ಮಗುವಿನ ಕೈಯಲ್ಲಿ ಪ್ರಯೋಗ ಮಾಡಿಸಿ ನೋಡಿ, ಅದಕ್ಕೆ ಒಂದು ಗಂಟೆ ಸಾಕು. ಐದನೇ ಪುಟ, ಹನ್ನೊಂದನೇ ಪುಟ, ಇವೆರಡರಲ್ಲಿ ಒಂದನ್ನು ಹರಿಯಿರಿ. ಯಾವುದನ್ನು ಎಂಬುದು ನಿಮ್ಮ ಪ್ರಾಮಾಣಿಕತೆಗೆ ಬಿಟ್ಟದ್ದು.

ಬರುವ ತಿಂಗಳ ಹನ್ನೆರಡನೇ ತಾರೀಕು ನಾವು ನಿಮ್ಮ ಕಚೇರಿಗೆ ಬರುತ್ತಿದ್ದೇವೆ. ಮೇಡಂ ಶಾಲೆಯ ಒಳ್ಳೆಯ ಬ್ಯುರೆಟ್, ಸ್ಟ್ಯಾಂಡು, ಎರಡು ಬಾಟಲಿ ದ್ರಾವಣ ತರುತ್ತಾರೆ. ಅಚ್ಚು ರಜೆ ಹಾಕಿ ಬರುತ್ತಾಳೆ. ಅಮ್ಮ ಅರ್ಧ ದಿನದ ಪಾಳಿ ಬದಲಿಸಿಕೊಂಡಿದ್ದಾಳೆ. ಹನಿಗೆ ಹೇಳಿದಾಗ ಅವಳು ಬರುವುದಿಲ್ಲ ಎನ್ನಲಿಲ್ಲ. ಅವರ ಮುಂದೆ ಕೈ ನಡುಗಿದ್ರೆ, ಎಂದಳು. ತಿಂಗಳಿಂದೀಚೆಗೆ ಅವಳು ನನ್ನನ್ನು ಕೇಳಿದ ಮೊದಲ ಪ್ರಶ್ನೆ ಅದು. ನಡುಗಲ್ಲ ಎಂದೆ. ಇಷ್ಟನ್ನಾದರೂ ನಾನು ಪೂರ್ತಿ ಓದಿ ಹೇಳಿದ್ದೇನೆ.

ನಿಮಗೆ ಆ ದಿನ ಎರಡು ಕೆಲಸಗಳಲ್ಲಿ ಒಂದನ್ನು ಆರಿಸುವ ಅವಕಾಶವಿದೆ. ಅರವತ್ತರಲ್ಲಿ ಯಾವುದಾದರೂ ಪ್ರಯೋಗ ಹೇಳಿ, ಅವಳು ಮಾಡುವುದನ್ನು ನಿಮ್ಮ ಕಣ್ಣಲ್ಲಿ ನೋಡಿ, ಸಹಿ ಮಾಡಿ, ಅವತ್ತಿನ ತಾರೀಕೇ ಹಾಕಿ. ಅದಾಗದಿದ್ದರೆ ಅವಳ ಎದುರು ಬಂದು, ಗುಮಾಸ್ತರ ಕಿಟಕಿಯಿಂದಲ್ಲ, ಚೀಟಿ ಅಂಟಿಸಿಯಲ್ಲ, ನಿಮ್ಮದೇ ಬಾಯಿಂದ, “ಮಗಳೇ, ನೀನು ಸುಳ್ಳು ಬರೆಯಬೇಕಿತ್ತು” ಎಂದು ಹೇಳಿ. ಅವಳು ಸಿಟ್ಟಾಗುವುದಿಲ್ಲ, ಕೇಳಿಕೊಂಡು ವಾಪಸು ಬರುತ್ತಾಳೆ. ನನ್ನಿಂದ ಹೇಳಲಾಗದ್ದನ್ನು ಯಾರಾದರೊಬ್ಬರು ಅವಳಿಗೆ ಹೇಳಲೇಬೇಕು.

ಗುರುವಾರ, ಬೆಳಗ್ಗೆ ಹತ್ತೂವರೆಗೆ, ನಿಮ್ಮ ಕೋಣೆಯ ಬಾಗಿಲಲ್ಲಿ ಇರುತ್ತೇವೆ.

ಇಂತಿ,
ನಿಮ್ಮ ಮುನ್ನುಡಿಯನ್ನು ನಂಬಿ
ತಂಗಿಯ ಕೈಗೆ ಪೆನ್ನು ಕೊಟ್ಟ ಅಕ್ಕ